ಮಕ್ಕಳ ಕಾಲ್ಚೆಂಡಾಟಕ್ಕೆ ಮಕ್ಕಳ ಅಳತೆಯ ಬಯಲು

ಹಳಿಯಾಳ, ಧಾರವಾಡ ಸೀಮೆಯ ಗರಡಿಮನೆಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಜಾತ್ರೆಯ ಕುಸ್ತಿಗೆ ಹುಡುಗರನ್ನು ಅಖಾಡಕ್ಕೆ ಇಳಿಸುವ ಮೊದಲು ವಸ್ತಾದರು ಜೋಡಿ ನೋಡುತ್ತಾರೆ. ವಯಸ್ಸು, ಎತ್ತರ, ಮೈಕಟ್ಟು ಸರಿದೂಗಿದರೆ ಮಾತ್ರ ಕೈ ಕೂಡಿಸುತ್ತಾರೆ. ಎಂಟು ವರ್ಷದ ಬಾಲಕನನ್ನು ಇಪ್ಪತ್ತು ವರ್ಷದ ಪೈಲವಾನನ ಎದುರು ನಿಲ್ಲಿಸುವ ವಸ್ತಾದರು ಎಲ್ಲಿಯೂ ಇಲ್ಲ. ಸಂಗ್ರಾಣಿ ಕಲ್ಲನ್ನು ಎತ್ತಿಸುವಾಗಲೂ ಹುಡುಗನ ಶಕ್ತಿಗೆ ತಕ್ಕ ಕಲ್ಲನ್ನೇ ಮುಂದಿಡುತ್ತಾರೆ. ಒಕ್ಕಲುತನದ ಮನೆಗಳಲ್ಲಿಯೂ ಇದೇ ವಿವೇಕ ನಡೆದು ಬಂದಿದೆ. ಎಳೆಯ ಹೋರಿಯ ಹೆಗಲಿಗೆ ಭಾರದ ರಂಟೆಯನ್ನು ಕಟ್ಟಿದರೆ ಹೆಗಲು ಕೆಡುವುದಷ್ಟೇ ಅಲ್ಲ, ಮುಂದೆ ನೊಗ ಕಂಡರೆ ಅದು ಹಿಂಜರಿಯುತ್ತದೆ ಎಂಬುದನ್ನು ನಮ್ಮ ರೈತರು ಬಲ್ಲರು.

ಇಷ್ಟೆಲ್ಲ ಬಲ್ಲ ನಾವು ಕಾಲ್ಚೆಂಡಾಟದ ಬಯಲಿಗೆ ಬಂದೊಡನೆ ಈ ವಿವೇಕವನ್ನು ಮರೆತುಬಿಡುತ್ತೇವೆ. ಎಂಟು ಒಂಬತ್ತು ವರ್ಷದ ಮಕ್ಕಳನ್ನು ಹಿರಿಯರ ಪೂರ್ಣ ಮೈದಾನದಲ್ಲಿ, ಹಿರಿಯರ ಗೋಲು ಕಂಬಗಳ ನಡುವೆ, ಹನ್ನೊಂದು ಹನ್ನೊಂದು ಜನರ ತಂಡ ಮಾಡಿ ಬಿಟ್ಟುಬಿಡುತ್ತೇವೆ. ಆಟ ಮುಗಿಯುವ ಹೊತ್ತಿಗೆ ನಾಲ್ಕಾರು ಗಟ್ಟಿ ಹುಡುಗರು ಮಾತ್ರ ಚೆಂಡನ್ನು ಒದ್ದಿರುತ್ತಾರೆ. ಉಳಿದವರು ಓಡಿ ದಣಿದಿರುತ್ತಾರೆ, ಇಲ್ಲವೇ ಬಯಲಿನ ಅಂಚಿನಲ್ಲಿ ನಿಂತು ಹುಲ್ಲು ಕೀಳುತ್ತಿರುತ್ತಾರೆ. ಇಂಥ ಮಗು ಮನೆಗೆ ಬಂದು ‘ನನಗೆ ಆಟ ಬರುವುದಿಲ್ಲ’ ಎಂದರೆ ತಂದೆತಾಯಿಗಳು ಅದನ್ನು ನಂಬಿಬಿಡುತ್ತಾರೆ. ಕೊರತೆ ಇರುವುದು ಮಗುವಿನಲ್ಲಲ್ಲ, ನಾವು ಹಾಕಿಕೊಟ್ಟ ಗೆರೆಗಳಲ್ಲಿ.

ಆಟ ಬಿಟ್ಟ ಮಗು ಬಯಲನ್ನೂ ಬಿಡುತ್ತದೆ. ಮನೆಯ ಮೂಲೆಯಲ್ಲಿ ಮೊಬೈಲ್ ಫೋನನ್ನು ಹಿಡಿದು ಕೂಡುವ ಇಂದಿನ ದಿನಗಳಲ್ಲಿ ಒಂದು ಮಗು ಬಯಲಿನಿಂದ ದೂರವಾಗುವುದು ಸಣ್ಣ ನಷ್ಟವಲ್ಲ. ಆದಕಾರಣ ಮಕ್ಕಳ ಮೈದಾನ ಎಷ್ಟು ದೊಡ್ಡದಿರಬೇಕು, ಗೋಲು ಎಷ್ಟು ಅಗಲ, ಎಷ್ಟು ಎತ್ತರ ಇರಬೇಕು ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಪಾಲಕರೂ ಶಿಕ್ಷಕರೂ ವಿಚಾರ ಮಾಡುವುದು ಒಳಿತು.

ಹಿರಿಯರ ಅಳತೆ ಬಂದ ಬಗೆ

ಕಾಲ್ಚೆಂಡಾಟದ ಲಿಖಿತ ನಿಯಮಗಳು 1863ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡವು. ಅವುಗಳನ್ನು ಬರೆದವರು ದೊಡ್ಡವರು, ಬರೆದದ್ದು ದೊಡ್ಡವರಿಗಾಗಿ. ಎರಡು ಗೋಲು ಕಂಬಗಳ ನಡುವೆ 8 ಗಜ ಅಂತರವಿರಬೇಕೆಂದು ಆಗ ಗೊತ್ತುಪಡಿಸಿದರು. ಮೇಲೆ ಅಡ್ಡಪಟ್ಟಿ ಇರಲಿಲ್ಲ. ಚೆಂಡು ಎಷ್ಟು ಎತ್ತರದಲ್ಲಿ ಹೋದರೂ ಗೋಲೇ ಆಗುತ್ತಿತ್ತು. ಮುಂದೆ ಕಂಬಗಳ ನಡುವೆ ಪಟ್ಟಿ ಕಟ್ಟುವ ರೂಢಿ ಬಂದಿತು. 1882ರಲ್ಲಿ ಅಡ್ಡಪಟ್ಟಿ ಕಡ್ಡಾಯವಾಯಿತು. 1891ರ ಸುಮಾರಿಗೆ ಬಲೆ ಬಂದಿತು. ಹೀಗೆ ಹಂತಹಂತವಾಗಿ ನಿಂತ ಗೋಲಿನ ಅಳತೆ ಇಂದಿಗೂ ಅದೇ ಇದೆ: ಅಗಲ 24 ಅಡಿ, ಎತ್ತರ 8 ಅಡಿ. ಮೀಟರಿನಲ್ಲಿ ಹೇಳುವುದಾದರೆ 7.32 ಮತ್ತು 2.44.

ಮೈದಾನಕ್ಕೆ ಮಾತ್ರ ಒಂದೇ ಅಳತೆ ಇಲ್ಲ. ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬಹುದೆಂದು ನಿಯಮ ಅವಕಾಶ ಕೊಡುತ್ತದೆ. ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನ. ಕಿರಿಯರ ಆಟಕ್ಕೆ ಮೈದಾನದ ಅಳತೆ, ಚೆಂಡಿನ ಗಾತ್ರ, ಗೋಲಿನ ಅಗಲ ಮತ್ತು ಎತ್ತರ, ಆಟದ ಅವಧಿ ಇವೆಲ್ಲವನ್ನೂ ಬದಲಿಸಿಕೊಳ್ಳಬಹುದೆಂದು ಇದೇ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಚಿಕ್ಕ ಮೈದಾನದಲ್ಲಿ ಆಡಿಸುವುದು ನಿಯಮಭಂಗವೂ ಅಲ್ಲ, ಆಟದ ಘನತೆಗೆ ಕುಂದೂ ಅಲ್ಲ.

ಈ ತತ್ತ್ವ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ನಮ್ಮ ಕಬಡ್ಡಿಯನ್ನೇ ನೋಡಿರಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರಿಗೆ 12 ಮತ್ತು 8. ಸಬ್‌ಜೂನಿಯರ್ ಮಕ್ಕಳಿಗೆ 11 ಮತ್ತು 8. ಬಾಸ್ಕೆಟ್‌ಬಾಲ್ ಆಟದಲ್ಲಿ ಹಿರಿಯರ ರಿಂಗು 3.05 ಮೀಟರ್ ಎತ್ತರದಲ್ಲಿದ್ದರೆ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರಿಗೆ ಇಳಿಯುತ್ತದೆ. ಇಲ್ಲಿ ಒಪ್ಪಿಕೊಂಡ ಮಾತನ್ನು ಕಾಲ್ಚೆಂಡಾಟದಲ್ಲಿ ಒಪ್ಪಲು ಅಡ್ಡಿಯೇನು?

ಗುಂಟೆಯ ಲೆಕ್ಕದಲ್ಲಿ ಮೈದಾನ

ಮೀಟರಿನ ಲೆಕ್ಕ ಎಲ್ಲರ ಕಣ್ಣಿಗೂ ಕಟ್ಟುವುದಿಲ್ಲ. ಹೊಲಮನೆಯುಳ್ಳ ನಮಗೆ ಗುಂಟೆಯ ಲೆಕ್ಕ ಸಲೀಸು. 33 ಅಡಿ ಉದ್ದ, 33 ಅಡಿ ಅಗಲದ ನೆಲಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ.

ಹಿರಿಯರ ಪೂರ್ಣ ಮೈದಾನ ಸುಮಾರು 70 ಗುಂಟೆ, ಅಂದರೆ ಒಂದೂ ಮುಕ್ಕಾಲು ಎಕರೆ. ಅದರಲ್ಲಿ ಆಡುವವರು 22 ಜನ. ಒಬ್ಬೊಬ್ಬರ ಪಾಲಿಗೆ ಮೂರು ಗುಂಟೆಗಿಂತ ಹೆಚ್ಚು ನೆಲ ಬರುತ್ತದೆ. ದೊಡ್ಡವನ ಕಾಲಿಗೆ, ಅವನ ಉಸಿರಿಗೆ ಅದು ಸರಿಯಾದ ಅಳತೆಯೇ ಹೌದು. ಆದರೆ ಎಂಟು ವರ್ಷದ ಮಗುವಿನ ಹೆಜ್ಜೆ ಚಿಕ್ಕದು, ಒದೆತ ಹತ್ತಿಪ್ಪತ್ತು ಹೆಜ್ಜೆಗೆ ಮುಗಿಯುತ್ತದೆ. ಆ ಮಗು ಚೆಂಡನ್ನು ಗೆಳೆಯನಿಗೆ ಕೊಡಬೇಕೆಂದರೂ ಅಲ್ಲಿಯವರೆಗೆ ಅದು ತಲುಪುವುದಿಲ್ಲ. ಆಗ ಮಕ್ಕಳೆಲ್ಲ ಚೆಂಡಿನ ಸುತ್ತ ಜೇನುಹುಳುಗಳಂತೆ ಮುತ್ತಿಕೊಳ್ಳುತ್ತಾರೆ. ಯಾರೋ ಒಬ್ಬ ಬಲಿಷ್ಠ ಹುಡುಗ ಉದ್ದಕ್ಕೆ ಒದೆಯುತ್ತಾನೆ, ಎಲ್ಲರೂ ಅದರ ಹಿಂದೆ ಓಡುತ್ತಾರೆ. ಇದರಲ್ಲಿ ಓಟವಿದೆ, ಆಟವಿಲ್ಲ.

ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆ 2012ರಲ್ಲಿ ಅಂಗೀಕರಿಸಿದ ಮಕ್ಕಳ ಆಟದ ಸುಧಾರಣೆಯ ಅಳತೆಗಳು ಈ ವಿಷಯದಲ್ಲಿ ಒಳ್ಳೆಯ ಮಾರ್ಗದರ್ಶಿಯಾಗಿವೆ. ಅವುಗಳನ್ನು ಅಡಿಯ ಲೆಕ್ಕಕ್ಕೆ ತಂದರೆ ಹೀಗಾಗುತ್ತದೆ.

ಏಳು, ಎಂಟು ವರ್ಷದೊಳಗಿನವರು: ಐದೈದು ಜನರ ತಂಡ. ಮೈದಾನ 120 ಅಡಿ ಉದ್ದ, 90 ಅಡಿ ಅಗಲ. ಗೋಲು 12 ಅಡಿ ಅಗಲ, 6 ಅಡಿ ಎತ್ತರ.

ಒಂಬತ್ತು, ಹತ್ತು ವರ್ಷದೊಳಗಿನವರು: ಏಳೇಳು ಜನರ ತಂಡ. ಮೈದಾನ 180 ಅಡಿ ಉದ್ದ, 120 ಅಡಿ ಅಗಲ. ಗೋಲು ಅದೇ 12 ಮತ್ತು 6 ಅಡಿ.

ಹನ್ನೊಂದು, ಹನ್ನೆರಡು ವರ್ಷದೊಳಗಿನವರು: ಒಂಬತ್ತೊಂಬತ್ತು ಜನರ ತಂಡ. ಮೈದಾನ 240 ಅಡಿ ಉದ್ದ, 150 ಅಡಿ ಅಗಲ. ಗೋಲು 16 ಅಡಿ ಅಗಲ, 7 ಅಡಿ ಎತ್ತರ.

ಹದಿಮೂರು, ಹದಿನಾಲ್ಕು ವರ್ಷದೊಳಗಿನವರು: ಹನ್ನೊಂದು ಜನರ ತಂಡ. ಮೈದಾನ 270 ಅಡಿ ಉದ್ದ, 165 ಅಡಿ ಅಗಲ. ಗೋಲು 21 ಅಡಿ ಅಗಲ, 7 ಅಡಿ ಎತ್ತರ.

ಇವುಗಳನ್ನು ಗುಂಟೆಗೆ ಇಳಿಸಿ ನೋಡಿದರೆ ಸೊಗಸಾದ ಒಂದು ಲೆಕ್ಕ ಸಿಗುತ್ತದೆ. ಐವರ ತಂಡದ ಮೈದಾನ ಹತ್ತು ಗುಂಟೆ, ಆಡುವ ಮಕ್ಕಳೂ ಹತ್ತು. ಮಗುವಿಗೊಂದು ಗುಂಟೆ! ಏಳು ಜನರ ಮೈದಾನ ಇಪ್ಪತ್ತು ಗುಂಟೆ, ಮಕ್ಕಳು ಹದಿನಾಲ್ಕು. ತಲೆಗೆ ಸುಮಾರು ಒಂದೂವರೆ ಗುಂಟೆ. ಒಂಬತ್ತು ಜನರ ಮೈದಾನ ಮೂವತ್ತಮೂರು ಗುಂಟೆ, ತಲೆಗೆ ಎರಡು ಗುಂಟೆಗೆ ತುಸು ಕಡಿಮೆ. ಮಗು ಬೆಳೆದಂತೆ ಅದರ ಪಾಲಿನ ನೆಲವೂ ಬೆಳೆಯುತ್ತ ಹೋಗಿ ಕೊನೆಗೆ ಹಿರಿಯರ ಮೂರು ಗುಂಟೆಯನ್ನು ಮುಟ್ಟುತ್ತದೆ. ಏಣಿಗೆ ಮೆಟ್ಟಿಲುಗಳಿರುವಂತೆ ಇದು.

ಗೋಲಿನಲ್ಲಿ ನಿಂತ ಮಗು

ಮೈದಾನಕ್ಕಿಂತಲೂ ಸೂಕ್ಷ್ಮವಾದದ್ದು ಗೋಲಿನ ಪ್ರಶ್ನೆ. ಒಂಬತ್ತು ವರ್ಷದ ಮಗುವಿನ ಎತ್ತರ ಸುಮಾರು 130 ಸೆಂಟಿಮೀಟರ್. ಕೈಗಳನ್ನು ಮೇಲೆತ್ತಿ ನಿಂತರೂ ಹಿರಿಯರ ಗೋಲಿನ ಅಡ್ಡಪಟ್ಟಿ ಅದಕ್ಕೆ ಬಹು ದೂರ. ಆರಡಿ ಎತ್ತರದ ಗೋಲ್‌ಕೀಪರನಿಗೆ ಅಡ್ಡಪಟ್ಟಿ ಅವನ ಎತ್ತರದ ಒಂದೂ ಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದೇ ಪಟ್ಟಿ ಆ ಮಗುವಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಹಿರಿಯನಿಗೆ ಇದೇ ನ್ಯಾಯವನ್ನು ಅನ್ವಯಿಸಿದರೆ ಅವನು ಸುಮಾರು ಹನ್ನೊಂದು ಅಡಿ ಎತ್ತರದ ಗೋಲನ್ನು ಕಾಯಬೇಕಾಗುತ್ತದೆ!

ಹಿರಿಯರ ಗೋಲಿನ ಬಾಯಿ ಸುಮಾರು 192 ಚದರ ಅಡಿ, ಮಕ್ಕಳ ಗೋಲಿನದು 72 ಚದರ ಅಡಿ. ದೊಡ್ಡ ಗೋಲಿನಲ್ಲಿ ಚಿಕ್ಕ ಮಗುವನ್ನು ನಿಲ್ಲಿಸಿದರೆ ಎರಡು ಬಗೆಯ ಕೆಡುಕು ಒದಗುತ್ತದೆ. ಮೊದಲನೆಯದು ಗೋಲು ಕಾಯುವ ಮಗುವಿಗೆ. ತಲೆಯ ಮೇಲಿಂದ ಹೋಗುವ ಚೆಂಡನ್ನು ಅದು ಏನು ಮಾಡಿದರೂ ತಡೆಯಲಾರದು. ಆದರೂ ಸುತ್ತಲಿನವರು ‘ಏಕೆ ಬಿಟ್ಟೆ?’ ಎಂದು ಗದರುತ್ತಾರೆ. ತನ್ನ ತಪ್ಪಿಲ್ಲದ ಸೋಲಿಗೆ ಬೈಗುಳ ತಿನ್ನುವ ಮಗು ಮರುದಿನ ಗೋಲಿನಲ್ಲಿ ನಿಲ್ಲಲು ಒಪ್ಪುವುದಿಲ್ಲ. ಎರಡನೆಯದು ಗೋಲು ಹೊಡೆಯುವ ಮಗುವಿಗೆ. ದೂರದಿಂದ ಚೆಂಡನ್ನು ಎತ್ತರಕ್ಕೆ ಎತ್ತಿಬಿಟ್ಟರೆ ಗೋಲಾಗುತ್ತದೆಂದು ಅದು ಬಹುಬೇಗ ಕಂಡುಕೊಳ್ಳುತ್ತದೆ. ಎದುರಾಳಿಯನ್ನು ತಪ್ಪಿಸಿ ಹತ್ತಿರ ಹೋಗುವುದು, ಮೂಲೆ ನೋಡಿ ನೆಲಕ್ಕೆ ಹೊಂದಿ ಹೊಡೆಯುವುದು, ಗೆಳೆಯನಿಗೆ ಚೆಂಡು ಕೊಡುವುದು ಇವಾವುದೂ ಬೇಕಾಗುವುದಿಲ್ಲ. ಚಿಕ್ಕಂದಿನಲ್ಲಿ ಗೆಲ್ಲಿಸಿಕೊಟ್ಟ ಈ ಉಪಾಯ ಮುಂದೆ ಎದುರಿಗೆ ಆರಡಿಯ ಗೋಲ್‌ಕೀಪರ್ ಬಂದು ನಿಂತ ದಿನ ಕೈಕೊಡುತ್ತದೆ. ಅಷ್ಟು ಹೊತ್ತಿಗೆ ಕಲಿಯುವ ವಯಸ್ಸು ಕಳೆದಿರುತ್ತದೆ.

ಹಾಗೆಂದು ಗೋಲನ್ನು ತೀರ ಚಿಕ್ಕದು ಮಾಡಿ ಗೋಲ್‌ಕೀಪರನನ್ನೂ ನಿಲ್ಲಿಸಿದರೆ ಗೋಲುಗಳೇ ಆಗವು, ಮಕ್ಕಳಿಗೆ ಬೇಸರ ಬರುತ್ತದೆ. ಮೂರು ನಾಲ್ಕು ಅಡಿಯ ಪುಟ್ಟ ಗೋಲುಗಳನ್ನು ಇಡುವುದಾದರೆ ಗೋಲ್‌ಕೀಪರ್ ಇಲ್ಲದೆ ಆಡಿಸುವುದೇ ಸರಿ. ಆರು ವರ್ಷದ ಮಕ್ಕಳಿಗೆ ಅದೇ ಚೆಂದ. ಕಾಯುವ ಮಗುವಿಗೂ ಹೊಡೆಯುವ ಮಗುವಿಗೂ ಅರ್ಧರ್ಧ ಅವಕಾಶ ಇರುವ ಗೋಲೇ ಸರಿಯಾದ ಗೋಲು ಎಂದು ತಿಳಿಯಬೇಕು.

ಚೆಂಡಿಗೂ ಇದೇ ಮಾತು ಸಲ್ಲುತ್ತದೆ. ಹಿರಿಯರ 5ನೆಯ ನಂಬರಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಒಂಬತ್ತು ವರ್ಷದವರೆಗೆ 3ನೆಯ ನಂಬರು, ಅಲ್ಲಿಂದ ಹದಿನಾಲ್ಕರವರೆಗೆ 4ನೆಯ ನಂಬರು ಸಾಕು. ಒಂದೇ ಚೆಂಡು ಎಲ್ಲರಿಗೂ ಆಗಲಿ ಎಂಬ ಉಳಿತಾಯ ಎಳೆಯ ಕಾಲುಗಳಿಗೆ ಹಿತವಲ್ಲ.

ಹೊರನಾಡುಗಳ ಅನುಭವ

ಈ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ತನ್ನ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಎಂಟು ಜನರ ಆಟದ ಬದಲು ನಾಲ್ಕು ಜನರ ಆಟವನ್ನು ಆಡಿಸಿ ನೋಡಿತು. ವಿಶ್ವವಿದ್ಯಾಲಯದ ಸಂಶೋಧಕರು ಎರಡನ್ನೂ ಹೋಲಿಸಿದರು. ನಾಲ್ಕು ಜನರ ಆಟದಲ್ಲಿ ಚೆಂಡು ಕೊಡುವ ಸಂದರ್ಭಗಳು ಎರಡು ಪಟ್ಟಿಗೂ ಮಿಕ್ಕಿದವು. ಗೋಲಿನ ಪ್ರಯತ್ನಗಳು, ಎದುರಾಳಿಯನ್ನು ಒಬ್ಬೊಬ್ಬರೇ ಎದುರಿಸುವ ಪ್ರಸಂಗಗಳು ಮೂರು ಪಟ್ಟು ದಾಟಿದವು. ಕಲಿಕೆ ಎಂದರೆ ಮತ್ತೆ ಮತ್ತೆ ಮಾಡುವುದು. ಅಂಬೆಗಾಲಿನಿಂದ ನಡಿಗೆಗೆ, ತೊದಲಿನಿಂದ ಮಾತಿಗೆ ಮಗು ಬರುವುದು ಹೀಗೆಯೇ. ಚೆಂಡು ಕಾಲಿಗೆ ಹತ್ತು ಸಲ ತಾಗಿದ ಮಗುವಿಗಿಂತ ನೂರು ಸಲ ತಾಗಿದ ಮಗು ಹೆಚ್ಚು ಕಲಿಯುತ್ತದೆ ಎಂಬುದಕ್ಕೆ ದೊಡ್ಡ ಪುರಾವೆ ಬೇಕಿಲ್ಲ.

ವಿಶ್ವಕಪ್ಪನ್ನು ನಾಲ್ಕು ಸಲ ಗೆದ್ದ ಜರ್ಮನಿ 2024–25ರ ಋತುವಿನಿಂದ ತನ್ನ ಎಳೆಯ ಮಕ್ಕಳಿಗೆ ಇಬ್ಬರು, ಮೂವರು ಜನರ ಪುಟ್ಟ ತಂಡಗಳನ್ನೂ ನಾಲ್ಕು ಪುಟ್ಟ ಗೋಲುಗಳನ್ನೂ ದೇಶದುದ್ದಕ್ಕೂ ಕಡ್ಡಾಯ ಮಾಡಿತು. ‘ಇದರಿಂದ ಗೆಲ್ಲುವ ಛಲ ಕಡಿಮೆಯಾದೀತು’ ಎಂದು ಅಲ್ಲಿಯೂ ಹಿರಿಯರು ಕೆಲವರು ಗೊಣಗಿದರು. ಆದರೆ ಸಂಸ್ಥೆ ಹಿಂದೆ ಸರಿಯಲಿಲ್ಲ. ಅಮೆರಿಕವು 2016ರ ಸುಮಾರಿಗೆ ಎಂಟು ವರ್ಷದವರೆಗೆ ನಾಲ್ಕು, ಹತ್ತರವರೆಗೆ ಏಳು, ಹನ್ನೆರಡರವರೆಗೆ ಒಂಬತ್ತು ಜನರ ತಂಡಗಳನ್ನು ಗೊತ್ತುಪಡಿಸಿತು.

ಚಿಕ್ಕ ನೆಲದ ಮಹಿಮೆಯನ್ನು ಇವರೆಲ್ಲರಿಗಿಂತ ಮೊದಲೇ ಕಂಡವರು ದಕ್ಷಿಣ ಅಮೆರಿಕದವರು. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊ ನಗರದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಬಯಲಿಗೆ ಜಾಗವಿಲ್ಲದೆ ಬಾಸ್ಕೆಟ್‌ಬಾಲ್ ಅಂಕಣದಲ್ಲಿಯೇ ಐವರ ಕಾಲ್ಚೆಂಡಾಟವನ್ನು ಆಡಿಸಿದರು. ಅದೇ ಇಂದಿನ ಫುಟ್ಸಾಲ್. ಅದರ ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ಇಕ್ಕಟ್ಟಿನಲ್ಲಿ ಹುಟ್ಟಿದ ಆ ಆಟದಲ್ಲಿ ಪಳಗಿದ ಬ್ರೆಜಿಲ್ ಹುಡುಗರು ಮುಂದೆ ಜಗತ್ತಿನ ದೊಡ್ಡ ಮೈದಾನಗಳನ್ನು ಆಳಿದರು.

ನಮ್ಮ ನಾಡಿನ ಮಾತು

ಕನ್ನಡ ನಾಡಿಗೂ ಕಾಲ್ಚೆಂಡಾಟದ ಹಿರಿದಾದ ಪರಂಪರೆಯಿದೆ. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದಾಗ ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. ಅನಂತರ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಅದನ್ನು ತಂದಿತು. ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದ ಇಕ್ಕಟ್ಟಾದ ಬೀದಿಗಳ ನಡುವಿನ ಪುಟ್ಟ ಬಯಲು ಎಷ್ಟೋ ಆಟಗಾರರನ್ನು ಬೆಳೆಸಿದೆ. ಅಲ್ಲಿಯ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ಅಖಿಲ ಭಾರತ ಕಾಲ್ಚೆಂಡು ಸಂಸ್ಥೆಯೂ 2018ರಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ‘ಬೇಬಿ ಲೀಗ್’ ಯೋಜನೆಯನ್ನು ಆರಂಭಿಸಿತು. ಚಿಕ್ಕ ತಂಡ, ಚಿಕ್ಕ ಮೈದಾನ, ಪಾಲಕರ ನೆರವು ಇವು ಅದರ ತಿರುಳು.

ನಮ್ಮ ಜಿಲ್ಲೆಯ ಕಡೆಗೆ ನೋಡಿದರೆ ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟಿಯನ್ನರಿಗೆ ಈ ಆಟ ಬಲು ಪ್ರೀತಿಯದು. ದಲಾಯಿ ಲಾಮಾ ಅವರ ತಾಯಿಯವರ ಸ್ಮರಣಾರ್ಥ ಅವರ ಸಮುದಾಯದ ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳ ಸಿದ್ದಿ ಮಕ್ಕಳ ಓಟದ ಬಲವನ್ನು ಗುರುತಿಸಿ ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ವಿಶೇಷ ಯೋಜನೆಯನ್ನು ತಂದಿತ್ತು. 1990ರ ದಶಕದಲ್ಲಿ ಅದು ನಿಂತುಹೋಗಿ, ಎಷ್ಟೋ ಮಕ್ಕಳ ಕನಸು ಅರ್ಧಕ್ಕೆ ಉಳಿಯಿತು. ಇದರಿಂದ ಕಲಿಯುವ ಪಾಠ ಸ್ಪಷ್ಟ. ಮೇಲಿನಿಂದ ಬರುವ ಯೋಜನೆ ಬರುತ್ತದೆ, ಹೋಗುತ್ತದೆ. ಊರ ಬಯಲಿನಲ್ಲಿ ದಿನವೂ ನಡೆಯುವ ಆಟ ಮಾತ್ರ ಉಳಿಯುತ್ತದೆ.

ಕುಳಗಿಯಂಥ ಊರಿನಲ್ಲಿ

ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ಹೋದರೆ ಕುಳಗಿ ಸಿಗುತ್ತದೆ. ಅರಣ್ಯ ಇಲಾಖೆಯ ನಿಸರ್ಗ ಶಿಬಿರದಿಂದಾಗಿ ಹೊರಗಿನವರಿಗೂ ಈ ಹೆಸರು ಪರಿಚಿತ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡು. ಇಂಥ ಊರುಗಳಲ್ಲಿ ಒಂದೂ ಮುಕ್ಕಾಲು ಎಕರೆಯ ಸಮತಟ್ಟಾದ ಬಯಲನ್ನು ಎಲ್ಲಿಂದ ತರುವುದು? ಕಾಡು ಕಡಿಯುವಂತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡ ನಿಂತಿದೆ, ನಿಲ್ಲುವುದೇ ಸರಿ. ‘ಮೈದಾನವಿಲ್ಲ, ಆದ್ದರಿಂದ ಕಾಲ್ಚೆಂಡಾಟವಿಲ್ಲ’ ಎಂದು ಕೈಚೆಲ್ಲುವುದು ಕಾಡಂಚಿನ ಊರುಗಳಲ್ಲಿ ಸಾಮಾನ್ಯ.

ಆದರೆ ಹತ್ತು ಗುಂಟೆ? ಶಾಲೆಯ ಅಂಗಳ, ಗುಡಿಯ ಮುಂದಿನ ಬಯಲು, ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಗದ್ದೆ, ಹೀಗೆ ಹತ್ತು ಗುಂಟೆ ಸಮತಟ್ಟಾದ ನೆಲ ಸಿಗದ ಊರು ವಿರಳ. ಅಷ್ಟೂ ಇಲ್ಲದಿದ್ದರೆ ಖೊ-ಖೊ ಅಂಕಣದಷ್ಟು ಜಾಗದಲ್ಲಿ, ಅಂದರೆ 27 ಮೀಟರ್ ಉದ್ದ, 16 ಮೀಟರ್ ಅಗಲದಲ್ಲಿ, ಮೂವರು ಮೂವರು ಮಕ್ಕಳು ಪುಟ್ಟ ಗೋಲುಗಳಿಗೆ ಆಡಬಹುದು. ಪೂರ್ಣ ಮೈದಾನದ ಕೊರತೆ ಎಂದು ನಾವು ಕರೆಯುತ್ತಿರುವುದು ಎಳೆಯ ಮಕ್ಕಳ ಮಟ್ಟಿಗೆ ಕೊರತೆಯೇ ಅಲ್ಲ.

ಪೂರ್ಣ ಮೈದಾನವಿರುವ ಪಟ್ಟಣದ ಶಾಲೆಗಳೂ ಇದನ್ನು ವಿಚಾರ ಮಾಡಬೇಕು. 105 ಮೀಟರ್ ಉದ್ದ, 68 ಮೀಟರ್ ಅಗಲದ ಒಂದು ಮೈದಾನದೊಳಗೆ ನಡುವೆ ದಾರಿ ಬಿಟ್ಟು ಐವರ ತಂಡದ ನಾಲ್ಕು ಅಂಕಣಗಳನ್ನು ಹಾಕಬಹುದು. ಆಗ ಏಕಕಾಲಕ್ಕೆ 40 ಮಕ್ಕಳು ಆಡುತ್ತಾರೆ. ಒಂದೇ ಪಂದ್ಯ ಆಡಿಸಿದರೆ 22 ಮಕ್ಕಳಿಗೆ ಮಾತ್ರ ಅವಕಾಶ, ಉಳಿದವರು ಅಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ನಮ್ಮ ಮಠಮಾನ್ಯಗಳು ನಡೆಸುವ ವಿದ್ಯಾಸಂಸ್ಥೆಗಳಲ್ಲಿ ಒಳ್ಳೆಯ ಬಯಲುಗಳಿವೆ. ಅನ್ನದ ಪಂಕ್ತಿಯಲ್ಲಿ ಯಾರನ್ನೂ ಬಿಡದೆ ಕೂಡಿಸುವ ನಾವು ಆಟದ ಪಂಕ್ತಿಯಲ್ಲಿಯೂ ಎಲ್ಲ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಕೂಡಿಸಿಕೊಳ್ಳುವುದು ಶೋಭೆ.

ಅಂಕಣ ಹಾಕುವ ಕ್ರಮ

ಇದಕ್ಕೆ ಬೇಕಾದ ಸಾಮಗ್ರಿ ಒಂದು ಹಗ್ಗ, ನಾಲ್ಕು ಗೂಟ, ಸ್ವಲ್ಪ ಪುಡಿ. ಮೂಲೆ ಸರಿಯಾಗಬೇಕಾದರೆ ಮನೆ ಕಟ್ಟುವ ಗೌಂಡಿಗಳ ಉಪಾಯವನ್ನೇ ಅನುಸರಿಸಬೇಕು. ಒಂದು ಗೆರೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ಎರಡೂ ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟವಾಯಿತೆಂದು ತಿಳಿಯಬೇಕು. ಗೆರೆ ಎಳೆಯಲು ಸುಟ್ಟ ಸುಣ್ಣದ ಪುಡಿಯನ್ನು ಎಂದೂ ಬಳಸಬಾರದು. ಅದು ಬೆವರಿಗೆ ತಾಗಿದರೆ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮನೆಯಂಗಳದ ರಂಗೋಲಿ ಪುಡಿ ಅಥವಾ ಜರಡಿ ಹಿಡಿದ ಒಲೆಯ ಬೂದಿ ಸಾಕು. ಗೆರೆಯಿಂದ ಹೊರಗೆ ಸುತ್ತಲೂ ಆರೆಂಟು ಅಡಿ ಕಲ್ಲುಮುಳ್ಳಿಲ್ಲದ ಜಾಗ ಬಿಡಬೇಕು. ಓಡುವ ಮಗು ಗೆರೆಗೆ ಬಂದು ಥಟ್ಟನೆ ನಿಲ್ಲಲಾರದು.

ಬಿದಿರಿನ ಸೀಮೆಯಲ್ಲಿ ಗೋಲು ಕಂಬಕ್ಕೆ ಕಬ್ಬಿಣವೇ ಬೇಕೆಂದಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆ 1950ರ ದಶಕದಲ್ಲಿ ಇಲ್ಲಿಗೆ ಬಂದುದೇ ಈ ಕಾಡುಗಳ ಬಿದಿರನ್ನು ನಂಬಿ. ಆದರೆ ಕಾಡಿಗೆ ಹೋಗಿ ಬಿದಿರು ಕಡಿದು ತರುವುದು ಕಾನೂನಿಗೆ ವಿರುದ್ಧ. ಊರಲ್ಲಿ ಬೆಳೆದ ಬಿದಿರನ್ನು ಕೊಂಡು, ಗಿಣ್ಣುಗಳನ್ನು ನುಣುಪಾಗಿ ಕೆತ್ತಿಸಿ, ತುದಿಗಳಿಗೆ ಬಟ್ಟೆ ಸುತ್ತಿ ನಿಲ್ಲಿಸಬಹುದು. ಎರಡು ಅಡಿ ನೆಲದಲ್ಲಿ ಹೂಳಬೇಕಾದ್ದರಿಂದ ಎಂಟು ಅಡಿಯ ಎರಡು ಕಂಬ, ಮೇಲೆ ಹನ್ನೆರಡು ಅಡಿಗೆ ತುಸು ಹೆಚ್ಚಿನ ಒಂದು ಹಗುರಾದ ಗಳ ಸಾಕು. ಹ್ಯಾಂಡ್‌ಬಾಲ್ ಅಂಕಣವಿರುವ ಶಾಲೆಗಳಲ್ಲಿ ಅದರ ಗೋಲನ್ನೇ ಬಳಸಬಹುದು. ಅದೂ 3 ಮೀಟರ್ ಅಗಲ, 2 ಮೀಟರ್ ಎತ್ತರವೇ.

ಹೊಸ ಆಟಗಾರರಿಗೆ ಆಫ್‌ಸೈಡ್ ನಿಯಮ ಬೇಡ. ಗೋಲ್‌ಕೀಪರ್ ಚೆಂಡನ್ನು ಆಟಕ್ಕೆ ಬಿಡುವಾಗ ಎದುರಾಳಿಗಳು ತಮ್ಮ ಅರ್ಧಕ್ಕೆ ಹಿಂದೆ ಸರಿಯುವಂತೆ ಮಾಡಿದರೆ ಉದ್ದಕ್ಕೆ ಒದೆಯುವ ಚಾಳಿ ತಪ್ಪಿ, ಪಕ್ಕದ ಗೆಳೆಯನಿಗೆ ಕೊಡುವ ಅಭ್ಯಾಸ ಬೆಳೆಯುತ್ತದೆ. ಗೋಲಿನಲ್ಲಿ ಒಂದೇ ಮಗುವನ್ನು ದಿನವೂ ನಿಲ್ಲಿಸದೆ ಸರದಿಯಂತೆ ಎಲ್ಲರನ್ನೂ ನಿಲ್ಲಿಸಬೇಕು. ಕಾಡಿನ ಊರುಗಳಲ್ಲಿ ಕತ್ತಲಾಗುವ ಮುನ್ನವೇ ಮಕ್ಕಳು ಮನೆ ಸೇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರೆಯಬಾರದ ಎಚ್ಚರಿಕೆ

ಗೋಲಿನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ನೆಲಕ್ಕೆ ಭದ್ರಪಡಿಸದೆ ಸುಮ್ಮನೆ ಇಟ್ಟ ಕಬ್ಬಿಣದ ಗೋಲು ಮಗುವಿನ ಪ್ರಾಣಕ್ಕೆ ಅಪಾಯಕಾರಿ. ಅಡ್ಡಪಟ್ಟಿ ಹಿಡಿದು ಜೋತಾಡುವುದು ಮಕ್ಕಳ ಸಹಜ ಆಸೆ. ಹಾಗೆ ಜೋತಾಡಿದಾಗ ಗೋಲು ಮುಂದಕ್ಕೆ ಮಗುಚಿ, ಪಟ್ಟಿ ತಲೆಯ ಮೇಲೆ ಬಿದ್ದು ಮಕ್ಕಳು ಸತ್ತ ದುರ್ಘಟನೆಗಳು ಅಮೆರಿಕ, ಇಂಗ್ಲೆಂಡುಗಳಲ್ಲಿ ನಡೆದಿವೆ. ಅನಂತರವೇ ಅಲ್ಲಿ ಕಟ್ಟುನಿಟ್ಟಿನ ನಿಯಮಗಳು ಬಂದವು.

ಆದ್ದರಿಂದ ಸಾಗಿಸುವ ಗೋಲಾಗಿದ್ದರೆ ಹಿಂದಿನ ಪಟ್ಟಿಗೆ ನೆಲದಲ್ಲಿ ಗೂಟ ಹೊಡೆದು ಬಿಗಿಯಬೇಕು, ಇಲ್ಲವೇ ಮರಳಿನ ಚೀಲಗಳನ್ನು ಹೇರಬೇಕು. ಆಟ ಮುಗಿದ ಮೇಲೆ ಮಲಗಿಸಿ ಸರಪಳಿ ಹಾಕಬೇಕು. ಹೂತ ಕಂಬವಾಗಿದ್ದರೂ ಮಳೆಗಾಲ ಮುಗಿದೊಡನೆ ಬುಡ ಅಲುಗಾಡಿಸಿ ನೋಡಬೇಕು. ನಮ್ಮ ಕಡೆಯ ಮಳೆಗೆ ಬಿದಿರಿನ ಬುಡ ಒಂದೇ ವರ್ಷದಲ್ಲಿ ಕೊಳೆಯಬಲ್ಲದು, ಕಬ್ಬಿಣ ಒಳಗಿನಿಂದಲೇ ತುಕ್ಕು ಹಿಡಿಯಬಲ್ಲದು. ಬಲೆ ಕಟ್ಟಲು ಲೋಹದ ಕೊಕ್ಕೆಗಳನ್ನು ಬಳಸಬಾರದು. ಉಂಗುರ ಸಿಕ್ಕಿಕೊಂಡು ಬೆರಳು ಹರಿದೀತು. ಶಾಲೆಯ ಆಡಳಿತ ಮಂಡಳಿಯವರು ವರ್ಷಕ್ಕೊಮ್ಮೆ ಕಟ್ಟಡವನ್ನು ಪರೀಕ್ಷಿಸುವಂತೆ ಗೋಲುಗಳನ್ನೂ ಪರೀಕ್ಷಿಸಲಿ. ಚಿಕ್ಕ ಗೋಲು ಹಗುರಾದ್ದರಿಂದ ಅಪಾಯವಿಲ್ಲ ಎಂಬ ಭ್ರಮೆಯೂ ಬೇಡ.

ಪಾಲಕರಲ್ಲಿ ಒಂದು ಬಿನ್ನಹ

‘ತಾಲ್ಲೂಕು ಪಂದ್ಯಗಳಲ್ಲಿ ಪೂರ್ಣ ಮೈದಾನವೇ ಇರುತ್ತದೆ, ಚಿಕ್ಕದರಲ್ಲಿ ಕಲಿತವರು ಅಲ್ಲಿ ಸೋಲುವುದಿಲ್ಲವೇ?’ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1960ರಲ್ಲಿ ಆರಂಭವಾದ ಸುಬ್ರತೋ ಕಪ್‌ನಂಥ ಶಾಲಾ ಪಂದ್ಯಾವಳಿಗಳಲ್ಲಿ ಹನ್ನೊಂದು ಜನರ ತಂಡವೇ ಆಡುತ್ತದೆ. ಆದರೆ ಆ ಪಂದ್ಯಗಳು ಹದಿಹರೆಯದವರಿಗೆ. ಹನ್ನೆರಡರವರೆಗೆ ಚಿಕ್ಕ ಅಂಕಣದಲ್ಲಿ ಚೆಂಡಿನ ಮೇಲೆ ಹಿಡಿತ ಪಡೆದ ಹುಡುಗನಿಗೆ ದೊಡ್ಡ ಬಯಲಿಗೆ ಹೊಂದಿಕೊಳ್ಳಲು ಕೆಲವು ತಿಂಗಳು ಸಾಕು. ಎಂಟನೆಯ ವಯಸ್ಸಿನಲ್ಲಿಯೇ ದೊಡ್ಡ ಬಯಲಿಗೆ ಬಿದ್ದು ಚೆಂಡಿನ ಹಿಡಿತ ಕಲಿಯದವನಿಗೆ ಹದಿನಾರರಲ್ಲಿ ಅದನ್ನು ಕಲಿಸುವುದು ಬಹು ಕಷ್ಟ. ಪಾಟಿಯ ಮೇಲೆ ದೊಡ್ಡ ಅಕ್ಷರ ತಿದ್ದಿದ ಮಗುವೇ ಮುಂದೆ ಗೆರೆಯಿಲ್ಲದ ಕಾಗದದ ಮೇಲೆ ನೆಟ್ಟಗೆ ಬರೆಯುತ್ತದೆ.

ತಂದೆಯವರಲ್ಲಿ ಇನ್ನೊಂದು ಮಾತು. ಮಗ ಸಣ್ಣ ಗೋಲಿಗೆ ಆಡುತ್ತಾನೆಂದು ಅವನ ಆಟವನ್ನು ಹಗುರವಾಗಿ ಕಾಣಬೇಡಿರಿ. ತಾಯಂದಿರೇ, ಮಗಳು ಬಯಲಿಗೆ ಹೋಗುತ್ತೇನೆಂದರೆ ತಡೆಯಬೇಡಿರಿ. ಹತ್ತು ಗುಂಟೆಯ ಅಂಕಣ ಮನೆಯಿಂದ ಕೂಗಳತೆಯಲ್ಲಿರುತ್ತದೆ, ಕಣ್ಣಳತೆಯಲ್ಲಿರುತ್ತದೆ. ದೂರದ ಮೈದಾನಕ್ಕೆ ಕಳಿಸಲಾರದ ಮಗಳನ್ನು ಅಲ್ಲಿಗೆ ಧಾರಾಳವಾಗಿ ಕಳಿಸಬಹುದು. ಗೆರೆಯ ಹೊರಗೆ ನಿಂತು ಗದರುವುದನ್ನು ಬಿಟ್ಟು, ಆಟ ಮುಗಿದ ಮೇಲೆ ‘ಎಷ್ಟು ಗೋಲು?’ ಎಂದು ಕೇಳುವ ಬದಲು ‘ಇಂದು ಏನು ಕಲಿತೆ?’ ಎಂದು ಕೇಳಿರಿ.

ಈ ಮಳೆಗಾಲ ಕಳೆದು ನೆಲ ಗಟ್ಟಿಯಾದೊಡನೆ ಪ್ರತಿಯೊಂದು ಊರಿನಲ್ಲಿಯೂ ನಾಲ್ಕು ಜನ ಪಾಲಕರು, ಒಬ್ಬ ಶಿಕ್ಷಕರು ಕೂಡಿ ಒಂದು ರವಿವಾರ ಮುಂಜಾನೆ ಹಗ್ಗ ಹಿಡಿದು ಹೊರಡಲಿ. 120 ಅಡಿ ಉದ್ದ, 90 ಅಡಿ ಅಗಲ ಅಳೆದು ಗೆರೆ ಎಳೆಯಲಿ, ಹನ್ನೆರಡು ಅಡಿಯ ಎರಡು ಗೋಲು ನೆಡಲಿ. ಖರ್ಚು ಹೆಚ್ಚಲ್ಲ, ಕೆಲಸ ಅರ್ಧ ದಿನದ್ದು. ಸಂಜೆಯ ಹೊತ್ತಿಗೆ ಅಲ್ಲಿ ಹತ್ತು ಮಕ್ಕಳು ಆಡುತ್ತಿರುತ್ತಾರೆ, ಹತ್ತೂ ಮಕ್ಕಳ ಕಾಲಿಗೆ ಚೆಂಡು ತಾಗಿರುತ್ತದೆ.